ಮೈಕ್ ಪರೀಕ್ಷೆಗೆ ನಾಲ್ಕು ಸಾಲು

ನೆಂಟರೆಲ್ಲ ಹೋದ ಮೇಲಿನ ಮೊದಲ ಬೆಳಿಗ್ಗೆ ಹಾಲು ಉಕ್ಕಿತು. ನಾನು ಒಲೆಯ ಮುಂದೆಯೇ ನಿಂತು ನೋಡುತ್ತಿದ್ದೆ. ಅತ್ತೆ ಬಂದು ಒಲೆ ಆರಿಸಿದರು, ಕಟ್ಟೆ ಒರೆಸಿದರು, ಮೂಲೆಯಲ್ಲಿದ್ದ ಮಡಚುವ ಸ್ಟೂಲು ಬಿಡಿಸಿ ಕೂತರು.

"ಇದು ನಮ್ಮದಲ್ಲ," ಅಂದರು, ಕೂತ ಮೇಲೆ. "ಬ್ರೇಕಣ್ಣಂದು. ನಿನ್ನ ಗಂಡ ತನ್ನ ಸ್ಟೂಲು ಮುರಿದಾಗ ಕೇಳಿ ತಂದಿದ್ದ. ಕೊಟ್ಟು ಬಾ. ಸತ್ತವರ ಹೆಸರಲ್ಲಿ ಇನ್ನೊಬ್ಬರ ಸಾಮಾನು ಉಳೀಬಾರದು."

ನನ್ನ ಗಂಡ ಸಭೆ ಸಮಾರಂಭಗಳಿಗೆ ಮೈಕ್ ಸೆಟ್ ಹಾಕುತ್ತಿದ್ದ. ಬ್ರೇಕಣ್ಣ ಅವನ ವ್ಯಾನ್ ಚಾಲಕ. ರಸ್ತೆಯಲ್ಲಿ ಕೋಳಿಯ ನೆರಳು ಕಂಡರೂ ಬ್ರೇಕ್ ಒತ್ತುತ್ತಿದ್ದರಿಂದ ಆ ಹೆಸರು. ಒಂದು ಕಾರ್ಯಕ್ರಮ ಮುಗಿದು ತಂತಿ ಸುತ್ತುತ್ತಿದ್ದಾಗ ನನ್ನ ಗಂಡ ಎದೆ ಹಿಡಿದುಕೊಂಡು ಕುಸಿದ. ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಣ್ಣಿಗೆ ಬಂದವರಲ್ಲಿ ಮೈಕಿನವರೇ ಹೆಚ್ಚು. ಅವರಲ್ಲೊಬ್ಬರು, "ಇನ್ನು ಆ ಹಾಡು ಯಾರು ಹಾಡ್ತಾರಮ್ಮ?" ಎಂದರು. ಯಾವ ಹಾಡು ಎಂದು ಕೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. ಮೈಕ್ ಸರಿಯಿದೆಯೇ ಎಂದು ನೋಡಲು ಉಳಿದವರೆಲ್ಲ "ಹಲೋ, ಹಲೋ" ಅಂದರೆ, ನನ್ನ ಗಂಡ ತಾನೇ ಕಟ್ಟಿದ ನಾಲ್ಕು ಸಾಲು ಹಾಡುತ್ತಿದ್ದನಂತೆ. ಮೆಲ್ಲಗೆ ಹಾಡಿಯೂ ತೋರಿಸಿದರು.

ಪಾತ್ರೆ ಬಿಸಾಕಿ ಪ್ರೀತಿ ಅಂದಳು,
ಸಿಟ್ಟು ಸೋತಾಗ ಸನಿಹ ಬಂದಳು;
ಹೋಗು ಅಂದದ್ದು ಬೀದಿಗೆಲ್ಲ ಕೇಳಿತು,
ಹೋಗಬೇಡ ಅಂದದ್ದು ನನಗಷ್ಟೇ ಕೇಳಿತು.

"ನಿಮ್ಮದು ಭಾರಿ ಬಿರುಸಿನ ಸಂಸಾರ ಅಂತ ನಮಗೆಲ್ಲ ಗೊತ್ತಿತ್ತು ಬಿಡಿ," ಎಂದು ಅವರ ಹೆಂಡತಿ ಕಣ್ಣೊರೆಸಿಕೊಂಡರು.

ಊರಿನ ಸಭಾಂಗಣಗಳೆಲ್ಲ ಕೇಳಿದ ಹಾಡನ್ನು ನಾನು ಕೇಳಿರಲಿಲ್ಲ. ನಾನು ಪಾತ್ರೆ ಬಿಸಾಕಿದವಳಲ್ಲ. ಹೋಗು ಎಂದವಳೂ ಅಲ್ಲ. ನಮ್ಮ ಮನೆಯಲ್ಲಿ ಸಿಟ್ಟು ಬಂದರೆ ನಾನು ಓದಲು ಕೂರುತ್ತಿದ್ದೆ, ಅವನು ಕೆಟ್ಟ ಸ್ಪೀಕರು ಬಿಚ್ಚಿ ಕೂರುತ್ತಿದ್ದ. ಹಾಗಾದರೆ ಈ ಹಾಡಿನವಳು ಯಾರು?

ಹಾಡಿನ 'ನಾನು' ಎಂದರೆ ಬರೆದವನಲ್ಲ ಎಂದು ವಿಶ್ವವಿದ್ಯಾಲಯದಲ್ಲಿ ನಮಗೆ ಕಲಿಸಿದ್ದರು. ಪರೀಕ್ಷೆಯಲ್ಲಿ ಹಾಗೇ ಬರೆದು ಒಳ್ಳೆಯ ಅಂಕವನ್ನೂ ಪಡೆದಿದ್ದೆ. ಈಗ ಆ ಪಾಠ ಕೈಗೆ ಹತ್ತಲಿಲ್ಲ. ಇನ್ನೊಂದು ಬಗೆಯಲ್ಲೂ ಓದಿ ನೋಡಿದೆ. 'ಪ' ಅಂದಾಗ ತುಟಿಯ ಗಾಳಿ ಬಡಿದು ಮೈಕ್ ಢಬ್ ಎನ್ನುತ್ತದೆ, 'ಸ' ಅಂದಾಗ ಸೀಟಿ ಹೊಡೆಯುತ್ತದೆ ಎಂದು ಅವನೇ ಒಮ್ಮೆ ಹೇಳಿದ್ದ. ಮೊದಲ ಸಾಲು 'ಪ'ಗೆ, ಎರಡನೆಯದು 'ಸ'ಗೆ. ಮೂರನೆಯದು ಎತ್ತರದ ದನಿಗೆ, ಕೊನೆಯದು ಪಿಸುಮಾತಿಗೆ. ಬರೀ ಕೆಲಸದ ಹಾಡು ಎಂದು ಮುಗಿಸಬಹುದಿತ್ತು. ಆದರೆ 'ಪ' ಬೇಕಿದ್ದವನಿಗೆ ಪಪ್ಪಾಯಿ ಸಾಕಿತ್ತು. ಪಾತ್ರೆ ಬಿಸಾಕುವ ಹೆಂಗಸೇ ಯಾಕೆ ಬೇಕಾದಳು?

"ಅತ್ತೆ, ನೀವು ಮಾವನ ಮೇಲೆ ಪಾತ್ರೆ ಎಸೆದಿದ್ದಿರಾ?" ಎಂದು ಕೇಳಿದೆ. ಹುಡುಗ ಕಂಡದ್ದನ್ನು ದೊಡ್ಡವನಾಗಿ ಹಾಡಿರಬಹುದಲ್ಲ.

"ಲೋಟ. ಅದೂ ಖಾಲಿದು. ತುಂಬಿದ್ದನ್ನ ಎಸೆಯೋಕೆ ನಾನೇನು ಸಾಹುಕಾರನ ಮಗಳಾ?"

"ಆಮೇಲೆ ಹತ್ತಿರ ಹೋದಿರಾ?"

"ಹೋದೆ, ಲೋಟ ಎತ್ಕೊಳ್ಳೋಕೆ." ಅತ್ತೆ ನನ್ನ ಕಡೆ ತಿರುಗಿದರು. "ಆ ಹಾಡು ತಲೆ ತಿಂತಾ ಇದೆ ಅಲ್ವಾ? ನನಗೂ ಗೊತ್ತಿಲ್ಲ ಕಣೆ. ನಿಮ್ಮಿಬ್ಬರ ಮಧ್ಯೆ ಚಮಚ ಬಿದ್ದ ಸದ್ದೂ ನಾನು ಕೇಳಿಲ್ಲ. ಆ ಬ್ರೇಕಣ್ಣನ್ನೇ ಕೇಳು. ಹಗಲೂ ರಾತ್ರಿ ಜೊತೆಗಿದ್ದೋನು ಅವನು."

ಸ್ಟೂಲು ಹಿಡಿದು ಹೊರಟೆ. ಅದು ಹಗುರವಾಗಿತ್ತು, ಆದರೆ ನಡೆಯುವಾಗ ಮೊಣಕಾಲಿಗೆ ಬಡಿಯುತ್ತಿತ್ತು. ಎದುರಿಗೆ ಬಂದ ಹೆಂಗಸರ ಮುಖಗಳನ್ನೆಲ್ಲ ನೋಡಿದೆ. ಔಷಧದ ಅಂಗಡಿಯವಳು. ಹೊಲಿಗೆಯವಳು. ಇವಳಿರಬಹುದೇ? ಇವಳು ಪಾತ್ರೆ ಎಸೆಯುವವಳ ಹಾಗೆ ಕಾಣುತ್ತಾಳೆಯೇ?

ಬ್ರೇಕಣ್ಣ ಮನೆಯ ಮುಂದೆ ವ್ಯಾನ್ ತೊಳೆಯುತ್ತಿದ್ದ. ದೊಡ್ಡ ಆಳು, ಅದಕ್ಕೆ ತಕ್ಕ ಮೀಸೆ. ಸ್ಟೂಲು ನೋಡಿ, "ಇದಕ್ಕೋಸ್ಕರ ನೀವು ಬರಬೇಕಿತ್ತಾ ಅತ್ತಿಗೆ?" ಅಂದ.

"ಒಂದು ಮಾತು ಕೇಳಬೇಕಿತ್ತು. ಆ ಹಾಡಿನಲ್ಲಿ ಬರೋಳು ಯಾರು?"

ಅವನ ಕೈಯ ಬಟ್ಟೆ ಗಾಜಿನ ಮೇಲೇ ನಿಂತಿತು.

"ಇದ್ದರೆ ಹೇಳಿಬಿಡಿ," ಎಂದೆ. "ನಾನು ಅಳಲ್ಲ. ನನಗೆ ಅಳು ಬರ್ತಾನೇ ಇಲ್ಲ."

ಅವನು ಬೀದಿಯ ಆ ಕಡೆ ಈ ಕಡೆ ನೋಡಿದ. "ನಾನೇ," ಅಂದ.

"ಏನು?"

"ಅಂದ್ರೆ, ನೀವೇ. ಅಂದ್ರೆ... ನೀವಾಗಿ ನಾನು." ಬಟ್ಟೆಯಲ್ಲೇ ಮುಖ ಒರೆಸಿಕೊಂಡ. "ಅವನಿಗೆ ನಿಮ್ಮ ಹತ್ರ ಜಗಳ ಆಡೋ ಆಸೆ ಅತ್ತಿಗೆ. ಎದುರಿಗೆ ಬಾಯಿ ಬರ್ತಿರಲಿಲ್ಲ. 'ಅವಳು ಓದಿದೋಳು, ನಾನು ಒಂದು ಅಂದ್ರೆ ಪುಸ್ತಕ ತೆಗೆದು ಕೂತುಬಿಡ್ತಾಳೆ' ಅನ್ನೋನು. ಅದಕ್ಕೆ ದಾರಿಯುದ್ದಕ್ಕೂ ಪ್ರಾಕ್ಟೀಸು. ಅವನು ಅವನೇ. ನಾನು ನೀವು."

"ನಾನು ಹೇಗಿದ್ದೆ?"

"ಬೆಂಕಿ!" ಅವನ ಮುಖ ಅರಳಿತು. "ಒಂದ್ಸಲ ನೀವು ಎಷ್ಟು ರೇಗಿದ್ರಿ ಅಂದ್ರೆ, ನನ್ನ ಊಟದ ಡಬ್ಬಿ ತೆಗೆದು ಕಿಟಕಿಯಿಂದಾಚೆ ಬಿಸಾಕಿದ್ರಿ. ಆಮೇಲೆ ನಾನೇ ಇಳಿದು ಪೊದೆಯಲ್ಲಿ ಹುಡುಕ್ದೆ. ಅವನು ನಕ್ಕೂ ನಕ್ಕೂ ಸುಸ್ತಾದ. ಆವತ್ತೇ ಕಟ್ಟಿದ್ದು ಹಾಡು."

"ಹೋಗಬೇಡ ಅಂತ ನೀವು ಮೆತ್ತಗೆ ಹೇಳಿದ್ರಾ?"

"ಥೂ, ನಾನ್ಯಾಕೆ ಹೇಳಲಿ? ನಾನೂ ಅವನನ್ನ ಕೇಳ್ದೆ, ನಾನ್ಯಾವಾಗ ಹಾಗಂದೆ ಅಂತ. 'ನೀನಲ್ಲ, ಅವಳು' ಅಂದ. 'ಹೊರಡೋವಾಗ ಷರಟಿನ ಕಾಲರ್ ಸರಿಮಾಡ್ತಾಳೆ. ಸರಿಯಾಗಿದ್ರೂ ಸರಿಮಾಡ್ತಾಳೆ' ಅಂದ."

ನಾನು ಸ್ಟೂಲು ಬಿಡಿಸಿ ಅದರ ಮೇಲೆ ಕೂತೆ. ಕಾಲರ್ ಸರಿಮಾಡುತ್ತಿದ್ದುದು ನಿಜ. ಅದನ್ನು ಯಾರಾದರೂ ಓದುತ್ತಿದ್ದಾರೆಂದು ನನಗೆ ಹೊಳೆದಿರಲಿಲ್ಲ.

"ಒಂದು ಜಗಳ ತೋರಿಸಿ," ಎಂದೆ.

"ಈಗಲಾ? ಅವನ ಮಾತು ನನಗೆ ಬರಲ್ಲ ಅತ್ತಿಗೆ. ನಂದು ಯಾವಾಗಲೂ ನಿಮ್ಮ ಪಾತ್ರ."

"ಅವನ ಮಾತು ನಾನು ಹೇಳ್ತೀನಿ. ಹೇಗೆ ಶುರು ಮಾಡ್ತಿದ್ದ?"

"'ಇವತ್ತು ತಡ ಆಗುತ್ತೆ' ಅಂತ."

"ಇವತ್ತು ತಡ ಆಗುತ್ತೆ," ಎಂದೆ.

ಬ್ರೇಕಣ್ಣ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಸೊಂಟದ ಮೇಲೆ ಕೈಯಿಟ್ಟ. ಮೀಸೆಯ ಅಡಿಯಿಂದ ಸಣ್ಣ ದನಿ ಬಂತು. "ತಡ ಆಗುತ್ತಂತೆ! ಊರಿಗೆಲ್ಲ ಕೇಳೋ ಹಾಗೆ ಸ್ಪೀಕರು ಕಟ್ಟೋಕೆ ಬರುತ್ತೆ. ಮನೆಯಲ್ಲಿರೋ ಒಬ್ಬಳಿಗೆ ಕೇಳೋ ಹಾಗೆ ಒಂದು ಮಾತಾಡೋಕೆ ಬರಲ್ವಾ ನಿನಗೆ?"

ಇದನ್ನು ನಾನು ಎಷ್ಟೋ ಸಲ ಅಂದುಕೊಂಡಿದ್ದೆ. ಅಂದಿರಲಿಲ್ಲ. ಬ್ರೇಕಣ್ಣನಿಗೆ ಅದು ಹೇಗೆ ತಿಳಿಯಿತು ಎಂದು ಬೆರಗಾಯಿತು.

"ಇಲ್ಲಿ ಅವನೇನು ಹೇಳ್ತಿದ್ದ?"

"ಏನಿಲ್ಲ. ಇಷ್ಟೊತ್ತಿಗೆ ಸೋತಿರೋನು. ಸೋಲೋಕೇ ಬರ್ತಿದ್ದ ಅನಿಸುತ್ತೆ." ಬ್ರೇಕಣ್ಣ ಮತ್ತೆ ಸೊಂಟಕ್ಕೆ ಕೈಹಾಕಿದ. "ಹೋಗು! ಎಲ್ಲಿಗೆ ಬೇಕಾದ್ರೂ ಹೋಗು, ನಾನೇನು..."

"ನಿಲ್ಲಿಸಿ," ಎಂದೆ. "ನಾನು ಹಾಗನ್ನಲ್ಲ."

"ಮತ್ತೆ ಹೇಗಂತೀರಿ?"

ಎದ್ದು ನಿಂತೆ. ಖಾಲಿ ಸ್ಟೂಲಿನ ಕಡೆ ತಿರುಗಿದೆ. ದನಿ ಎಲ್ಲಿಂದ ಬಂತೋ ಗೊತ್ತಿಲ್ಲ, ಅದು ನನ್ನದೆಂದು ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು.

"ತಡ ಆಗುತ್ತೆ ಅಂದೆಯಲ್ಲ! ಬರೋದೇ ಇಲ್ಲ ಅಂತ ಯಾಕೆ ಹೇಳಲಿಲ್ಲ? ವ್ಯಾನಲ್ಲಿ ಅಷ್ಟು ಮಾತಾಡ್ತಿದ್ದೋನು, ನನ್ನ ಮುಂದೆ ಬಾಯಿ ಬಿಡೋಕೆ ಏನು ರೋಗ ನಿನಗೆ? ನಾನು ಪುಸ್ತಕ ತೆಗೆದರೆ ಕಿತ್ತುಕೊಳ್ಳಬೇಕಿತ್ತು. ಹೇಡಿ!"

ಮೇಲಿನ ಕಿಟಕಿ ತೆರೆದು ಬ್ರೇಕಣ್ಣನ ಹೆಂಡತಿ ಇಣುಕಿದಳು. ಎದುರುಮನೆಯ ಬಾಗಿಲೂ ತೆರೆಯಿತು.

"ಏನ್ರೀ ಅದು ಗಲಾಟೆ? ಯಾರ ಹತ್ರ ಜಗಳ?"

"ಅವರ ಯಜಮಾನರ ಹತ್ರ," ಅಂದ ಬ್ರೇಕಣ್ಣ. "ಗಂಡ ಹೆಂಡಿರ ವಿಷಯ. ಮಧ್ಯೆ ಬರಬೇಡ, ಒಳಗೆ ಹೋಗು."

ಹೇಳುವುದು ಇನ್ನೂ ಇತ್ತು. ಎಲ್ಲ ಹೇಳಿದೆ. ಕೆಲವು ನ್ಯಾಯವಾದ ಮಾತು, ಕೆಲವು ಅಲ್ಲ. ನಡುವೆ ಎಲ್ಲೋ ಮೂಗು ಸೋರತೊಡಗಿತು, ಬ್ರೇಕಣ್ಣ ವ್ಯಾನಿನ ಬಟ್ಟೆ ಕೊಡಲು ಬಂದು, ಅದರ ಕೊಳೆ ನೋಡಿ ಹಿಂದೆಗೆದ. ಸೆರಗಿನಲ್ಲೇ ಒರೆಸಿಕೊಂಡೆ.

ಆಮೇಲೆ ಸ್ಟೂಲು ಮಡಚಿದೆ.

"ಇರಲಿ ಅತ್ತಿಗೆ," ಅಂದ ಅವನು. "ನಿಮ್ಮತ್ತೆಗೆ ಕೂರೋಕೆ ಬೇಕಲ್ಲ."

"ಅವರಿಗೆ ಬೇರೆ ತರ್ತೀನಿ. ಇದು ನಿಮ್ಮದು," ಎಂದು ಅವನ ಕೈಗೆ ಕೊಟ್ಟೆ.