ತಾರಸಿ ಬಡಿದ ದಿನ

ನಯಾಪೈಸೆ ಬಂದ ವರ್ಷ. ಮತ್ತಿಕೆರೆಯಲ್ಲಿ ಹೆಂಚು ಇಳಿಸಿ ತಾರಸಿ ಹಾಕಿಸುವ ಹುಚ್ಚು ಆಗಷ್ಟೇ ಹತ್ತಿತ್ತು. ಮುನಿರಾಮಯ್ಯ ವೀಳ್ಯದೆಲೆ ಹಿಡಿದು ಪಕ್ಕದ ಮನೆ ಹನುಮಕ್ಕನ ಬಾಗಿಲಿಗೆ ಬಂದ.

"ಅಕ್ಕಾ, ನಾಳೆ ಎಂಗಸ್ರು ತಾರಸಿ ಬಡೀತಾರೆ. ಗಾರೆ ಗಟ್ಟಿಯಾಗೋಗಂಟ ಬಡಿಯೋದು ನಿಲ್ಲಿಸಂಗಿಲ್ಲ. ನಿಮ್ಮನೇಲಿ ಎಳೇ ಮಗ ಐತೆ. ನೀವು ಹೂಂ ಅಂದ್ರೇನೇ ಶುರು."

ಎಲೆ ಹಿಡಿದು ಬಂದವರಿಗೆ ಇಲ್ಲ ಎನ್ನುವುದುಂಟೆ? ಹನುಮಕ್ಕ ಮುಖ ಗಂಟಿಕ್ಕಿಕೊಂಡೇ ತೆಗೆದುಕೊಂಡಳು.

ಮರುದಿನ ದಬದಬ ಸದ್ದಿಗೆ ಗೋಡೆಯೇ ನಡುಗಿತು. ಮೊಮ್ಮಗ ಕಿಟಾರನೆ ಕಿರುಚಿದ. "ಇವ್ರ ಕೈ ಸೇದೋಗ!" ಎಂದು ಶಪಿಸುತ್ತ ಹನುಮಕ್ಕ ಮುನಿರಾಮಯ್ಯನ ತಾರಸಿಯ ಏಣಿ ಹತ್ತಿದಳು.

ಹತ್ತುವಷ್ಟರಲ್ಲಿ ಸದ್ದಿನ ನಡೆಯೇ ಬದಲಾಗಿತ್ತು. ಮಗುವಿನ ಅಳು ಕೇಳಿದ ಹೆಂಗಸರು ಜೋಗುಳ ಎತ್ತಿಕೊಂಡಿದ್ದರು. ಸಾಲಿನುದ್ದಕ್ಕೂ ಮರದ ಕೊಡತಿಗಳು ಒಂದೇ ಕೈಯೆಂಬಂತೆ ಏಳುತ್ತಿದ್ದವು, ತೊಟ್ಟಿಲು ತೂಗಿದ ಹಾಗೆ ಇಳಿಯುತ್ತಿದ್ದವು. ಮುನಿರಾಮಯ್ಯ ತುಟಿಗೆ ಬೆರಳಿಟ್ಟು ಕೆಳಗೆ ತೋರಿಸಿದ. ಅವಳದೇ ಅಂಗಳದ ತೊಟ್ಟಿಲಲ್ಲಿ ಮೊಮ್ಮಗ ಮುಷ್ಟಿ ಬಿಚ್ಚಿ ನಿದ್ದೆಹೋಗಿದ್ದ.

ಹನುಮಕ್ಕ ಬದಿಗಿದ್ದ ಕೊಡತಿಯೊಂದನ್ನು ಎತ್ತಿಕೊಂಡು ಸಾಲಿನ ತುದಿಯಲ್ಲಿ ಕುಕ್ಕರಿಸಿದಳು.

"ಒಸಿ ಸರ್ಕೊಳ್ರಮ್ಮಿ," ಎಂದಳು. "ನಿಲ್ಲಿಸ್‌ಬ್ಯಾಡ್ರಿ. ನಿಲ್ಲಿಸಿದ್ರೆ ಮಗ ಎದ್ಬಿಡ್ತದೆ."