ಮೇಷ್ಟ್ರ ಗಾಡಿಯ ಬ್ರೇಕು

ಪ್ರಮೀಳಮ್ಮ ಸೆರಗನ್ನು ಸೊಂಟಕ್ಕೆ ಬಿಗಿದು, ಶೆಡ್ಡಿನ ಮೂಲೆಯಲ್ಲಿದ್ದ ಗೋಣಿಚೀಲವನ್ನು ಜಾಕ್ ಮೇಲೆ ನಿಂತಿದ್ದ ಗಾಡಿಯ ಹಿಂಬದಿಯಲ್ಲಿ ಹಾಸಿ, ಅದರ ಮೇಲೆ ಅಂಗಾತ ಮಲಗಿ ಒಳಗೆ ಸರಿದರು. ಅಂಗಳದಲ್ಲಿ ಅಳುತ್ತಿದ್ದ ಹೆಂಗಸರು ಗಪ್ಪಾದರು. ಗಂಡನ ಹೆಣ ಮನೆಯೊಳಗಿರುವಾಗ ಹೆಂಡತಿ ಗಾಡಿಯ ಕೆಳಗೆ ಮಲಗಿದರೆ ಯಾರ ಹತ್ತಿರ ಕೂತು ಅಳಬೇಕೆಂದು ಅವರಿಗೆ ತಿಳಿಯಲಿಲ್ಲ.

"ಅಕ್ಕ, ಎದ್ದೇಳು ಮೇಲೆ. ಜನ ನೋಡ್ತವ್ರೆ," ಎಂದ ಗುರುಪ್ರಕಾಶ್. ಅವನು ಪ್ರಮೀಳಮ್ಮನ ತಮ್ಮ, ಬೆಳಿಗ್ಗೆಯೇ ಅಮೃತೂರಿನಿಂದ ಬಂದಿದ್ದ.

"ನೋಡ್ಲಿ ಬಿಡು. ಆ ಸ್ಪ್ಯಾನರ್ ಕೊಡು ಇಲ್ಲಿ."

"ಯಾವುದು?"

"ಬಿಚ್ಚಿಟ್ಟಿರೋ ಚಕ್ರದ ಮೇಲೆ ಇಟ್ಟವ್ರೆ ನೋಡು ನಿಮ್ಮ ಭಾವ. ಅದೇ."

ತುಮಕೂರಿನ ಸದಾಶಿವನಗರದ ಆ ಮನೆಯ ಹಜಾರದಲ್ಲಿ, ಬಾಡಿಗೆಯ ಗಾಜಿನ ಐಸ್ ಪೆಟ್ಟಿಗೆಯೊಳಗೆ, ನಿವೃತ್ತ ಹಿಂದಿ ಮೇಷ್ಟ್ರು ಅನಂತರಾಜು ನಿನ್ನೆ ಸಂಜೆಯಿಂದ ಮಲಗಿದ್ದರು. ಮಣ್ಣು ಮಾಡುವುದು ಸಿ.ಎಸ್. ಪುರದ ಹತ್ತಿರ ಅವರದೇ ತೆಂಗಿನ ತೋಟದಲ್ಲಿ, ಅಪ್ಪ ಅಮ್ಮನ ಪಕ್ಕ. ಅದರಲ್ಲಿ ಯಾರ ತಕರಾರೂ ಇರಲಿಲ್ಲ. ಅಲ್ಲಿಗೆ ಹೇಗೆ ಒಯ್ಯುವುದು ಎಂಬುದಕ್ಕೇ ಬೆಳಿಗ್ಗೆಯಿಂದ ಜಗಳ. ಗುರುಪ್ರಕಾಶ್ ಯಾರನ್ನೂ ಕೇಳದೆ ಶವದ ವ್ಯಾನಿಗೆ ಹೇಳಿಬಿಟ್ಟಿದ್ದ. ಪ್ರಮೀಳಮ್ಮ, ಅವರು ಅವರ ಗಾಡಿಯಲ್ಲೇ ಹೋಗಬೇಕು ಎಂದು ಹಟ ಹಿಡಿದಿದ್ದರು.

"ಹೆಣ ಹೊತ್ತ ಗಾಡಿಗೆ ಆಮೇಲೆ ಯಾರಕ್ಕ ಹತ್ತುತಾರೆ?" ಎಂದು ಅವನು ಕೇಳಿದ್ದ.

"ನಾನು ಹತ್ತುತೀನಿ."

"ಅದಕ್ಕೆ ಬ್ರೇಕೇ ಇಲ್ವಲ್ಲ! ತುಳಿದ್ರೆ ಪೆಡಲ್ ನೆಲಕ್ಕೆ ಹೋಗ್ತದೆ. ಭಾವ ಯಾವ ಕೆಲಸನಾದ್ರೂ ನೆಟ್ಟಗೆ ಮುಗಿಸವ್ರಾ? ಸುಮ್ನೆ ಗುಜರಿಯವನಿಗೆ ಹೇಳ್ತೀನಿ, ನಾಳೆ ಬಂದು ಎಳ್ಕೊಂಡೋಗ್ಲಿ."

ಗಂಡ ಸತ್ತಾಗ ಬಾರದ ಸಿಟ್ಟು ಪ್ರಮೀಳಮ್ಮನಿಗೆ ಆಗ ಬಂತು. ಮೇಷ್ಟ್ರು ಕೊನೆಯದಾಗಿ ಕೈ ಹಾಕಿದ ಕೆಲಸ ಅರ್ಧಕ್ಕೆ ನಿಂತಿತ್ತು. ಅದು ಹಾಗೆಯೇ ಉಳಿದರೆ ಈ ಮಾತೇ ಅವರ ಹೆಸರಿನ ಜೊತೆ ಉಳಿದುಬಿಡುತ್ತದೆ, ತಿಥಿಯ ಊಟಕ್ಕೆ ಕೂತವರೆಲ್ಲ ಅದನ್ನೇ ಹೇಳಿ ನಗುತ್ತಾರೆ ಎಂದು ಅವರಿಗೆ ಗೊತ್ತಿತ್ತು.

ಕೊನೆಗೆ ಸಿ.ಎಸ್. ಪುರದಿಂದ ಬಂದಿದ್ದ ಮೇಷ್ಟ್ರ ಅಣ್ಣ ಪುಟ್ಟರಂಗಯ್ಯ ಕೋಲು ಕುಟ್ಟಿ ತೀರ್ಪು ಕೊಟ್ಟರು. "ನೀರು ಹುಯ್ದು, ಪಂಚೆ ಉಡ್ಸಿ, ಚಟ್ಟ ಕಟ್ಟೋ ಹೊತ್ಗೆ ಗಾಡಿ ರೆಡಿ ಆದ್ರೆ ಗಾಡೀಲಿ. ಇಲ್ದಿದ್ರೆ ವ್ಯಾನು. ಇನ್ ಮಾತಾಡ್ಬೇಡಿ, ಬುಡಿ."

ಹಾಗಾಗಿಯೇ ಪ್ರಮೀಳಮ್ಮ ಈಗ ಗೋಣಿಚೀಲದ ಮೇಲಿದ್ದರು.

*

ಆ ಗಾಡಿ ಮನೆಗೆ ಬಂದದ್ದು ಸರ್ಕಾರಿ ಇಲಾಖೆಯೊಂದರ ಹರಾಜಿನಿಂದ. ಎತ್ತರದ, ಚೌಕಾಕಾರದ, ನಾಲ್ಕೂ ಚಕ್ರಕ್ಕೆ ಎಳೆಯುವ ಶಕ್ತಿಯಿರುವ ಡೀಸೆಲ್ ಗಾಡಿ. ಬಿಳಿ ಬಣ್ಣ ಅಲ್ಲಲ್ಲಿ ಮಾತ್ರ ಉಳಿದಿತ್ತು. ಹಿಂದಿ ಪಾಠ ಮಾಡುವವರಿಗೆ ಇಂಜಿನ್ ಉಸಾಬರಿ ಯಾಕೆ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳಿದರು. ಮೇಷ್ಟ್ರು ಕೇಳಿಸಿಕೊಳ್ಳಲಿಲ್ಲ. ಮೊದಲ ಭಾನುವಾರವೇ ಆಯಿಲ್ ಬದಲಾಯಿಸಲು ಹೋಗಿ, ಹಳೆಯ ಆಯಿಲನ್ನು ಪ್ರಮೀಳಮ್ಮನ ಉಪ್ಪಿನಕಾಯಿ ಜಾಡಿಗೆ ತುಂಬಿಸಿದರು. ಆಮೇಲೆ ಒಂದು ವಾರ ಆ ಮನೆಯಲ್ಲಿ ಉಪ್ಪಿಟ್ಟು ಬಿಟ್ಟರೆ ಬೇರೆ ತಿಂಡಿಯಾಗಲಿಲ್ಲ.

ಏನು ರಿಪೇರಿ ಮಾಡಿದರೂ ಕೊನೆಯಲ್ಲಿ ಒಂದೋ ಎರಡೋ ಬೋಲ್ಟು ಕೈಯಲ್ಲಿ ಉಳಿಯುತ್ತಿತ್ತು. "ಕಂಪನಿಯೋರು ಜಾಸ್ತಿ ಹಾಕಿರ್ತಾರೆ ಕಣೇ," ಎನ್ನುತ್ತಿದ್ದರು. ಅಚ್ಚರಿಯೆಂದರೆ ಗಾಡಿ ಓಡುತ್ತಿತ್ತು.

ಊರಿಗೆಲ್ಲ ಗೊತ್ತಿದ್ದದ್ದು ಎಳನೀರಿನ ಕತೆ. ಗುರುಪ್ರಕಾಶನ ಮದುವೆಯ ಹಿಂದಿನ ದಿನ, ಹೊಸ ಸೀರೆಗಳು, ತೆಂಗಿನಕಾಯಿ ಮೂಟೆ, ಎಳನೀರಿನ ಗೊನೆ ಎಲ್ಲವನ್ನೂ ಹೇರಿಕೊಂಡು ಮೇಷ್ಟ್ರು ಹೆಂಡತಿಯ ಜೊತೆ ಕುಣಿಗಲ್ ದಾಟಿ ಅಮೃತೂರಿನ ದಾರಿಯಲ್ಲಿದ್ದರು. ಬಾನೆಟ್ಟಿನಿಂದ ಹೊಗೆ ಎದ್ದಿತು. ರೇಡಿಯೇಟರ್ ಒಣಗಿತ್ತು. ಬೇಸಿಗೆ, ಸುತ್ತಮುತ್ತ ಒಂದು ಬೋರ್‌ವೆಲ್ಲೂ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ಬಿಂದಿಗೆ ಹಿಡಿದು ಮುಂದಿನ ಊರಿಗೆ ನಡೆಯುತ್ತಿದ್ದರು. ತೆಂಗಿನ ತೋಟದಲ್ಲಿ ಹುಟ್ಟಿದ ಮೇಷ್ಟ್ರು ಮಚ್ಚು ತೆಗೆದು, ಗಾಡಿ ಆರುವವರೆಗೂ ಕಾದು, ಎಳನೀರು ಒಂದೊಂದಾಗಿ ಕೆತ್ತಿ ರೇಡಿಯೇಟರಿಗೆ ಹುಯ್ದರು.

"ಮನುಷ್ಯರಿಗೆ ತಂಪು ಅಂದ್ಮೇಲೆ ಇದಕ್ಕೂ ತಂಪೇ," ಎಂದರು.

ಗಾಡಿ ಮದುವೆ ಮನೆ ತಲುಪಿತು. ಪಾಯಸ ತಳ ಹಿಡಿದಂಥ ವಾಸನೆ ಮುಂದೆ ಮುಂದೆ ಬಂತು, ಗಾಡಿ ಹಿಂದೆ ಬಂತು. ಆಮೇಲೆ ಆ ರೇಡಿಯೇಟರಿನೊಳಗೆ ಲೋಳೆ ಕಟ್ಟಿ, ಮೇಷ್ಟ್ರು ಅದನ್ನು ಬಿಚ್ಚಿ ತೊಳೆದು ಕಟ್ಟಿ, ಮತ್ತೆ ಬಿಚ್ಚಿ ತೊಳೆದು, ಒಂದಿಡೀ ಬೇಸಿಗೆ ರಜೆ ಕಳೆದರು. ಗುರುಪ್ರಕಾಶ್ ಇಷ್ಟು ವರ್ಷ ಆ ಕತೆ ಹೇಳಿ ನಗಿಸಿದ್ದ. ಮದುವೆಯ ಸೀರೆ ಸರಿಯಾದ ಹೊತ್ತಿಗೆ ಬಂದಿತ್ತು ಎಂಬುದನ್ನು ಮಾತ್ರ ಅವನು ಯಾವತ್ತೂ ಹೇಳಲಿಲ್ಲ.

*

ಗಾಡಿಯ ಕೆಳಗೆ ಪ್ರಮೀಳಮ್ಮ ಟಾರ್ಚ್ ಹಾಕಿ ನೋಡಿದರು. ಮೇಷ್ಟ್ರು ಹಿಂದಿನ ಚಕ್ರದ ಬ್ರೇಕ್ ಸಿಲಿಂಡರ್ ಹೊಸದು ಹಾಕಿದ್ದರು. ಆಗ ಒಳಗೆ ಸೇರಿದ ಗಾಳಿ ಹೊರಗೆ ಹೋಗುವವರೆಗೂ ಬ್ರೇಕು ಹಿಡಿಯುವುದಿಲ್ಲ. ಗಾಳಿ ಹೊರಗೆ ಬಿಡುವ ಪುಟ್ಟ ನಿಪ್ಪಲ್ಲಿಗೆ ತೆಳು ಪೈಪು ಸಿಕ್ಕಿಸಿ, ಅದರ ತುದಿಯನ್ನು ಬ್ರೇಕ್ ಎಣ್ಣೆಯಿದ್ದ ಬಾಟಲಿಯೊಳಗೆ ಇಳಿಬಿಟ್ಟಿದ್ದರು. ಎಲ್ಲ ತಯಾರಾಗಿತ್ತು. ಪೆಡಲ್ ತುಳಿಯಲು ಒಂದು ಕಾಲು ಮಾತ್ರ ಬೇಕಿತ್ತು.

ಆ ಕಾಲು ಪ್ರಮೀಳಮ್ಮನದು. ನಿನ್ನೆ ಅವರು ಗುಬ್ಬಿಯಲ್ಲಿ ಮಗಳು ತೇಜಸ್ವಿನಿಯ ಮನೆಯಲ್ಲಿದ್ದರು. ಮಧ್ಯಾಹ್ನ ಮೇಷ್ಟ್ರು ಫೋನ್ ಮಾಡಿ, "ಬೇಗ ಬಾ ಕಣೇ, ಎಲ್ಲ ಜೋಡಿಸಿದೀನಿ, ತುಳಿಯೋರಿಲ್ಲ," ಎಂದಿದ್ದರು. ಬಸ್ಸಿಳಿದು ಮನೆಗೆ ಬಂದಾಗ ಮೇಷ್ಟ್ರು ಕೈ ತೊಳೆದುಕೊಂಡು, ಕಾಫಿ ಕುಡಿದು, ಕುರ್ಚಿಯಲ್ಲಿ ಕೂತಂತೆಯೇ ಹೋಗಿಬಿಟ್ಟಿದ್ದರು. ಡಾಕ್ಟರು ಹೃದಯ ಎಂದರು.

ಟಾರ್ಚಿನ ಬೆಳಕು ಆ ಪೈಪಿನ ಮೇಲೆ ಬಿದ್ದಾಗ ಪ್ರಮೀಳಮ್ಮ ಅತ್ತರು. ಗಾಡಿಯ ಕೆಳಗೆ ಯಾರೂ ನೋಡುವವರಿರಲಿಲ್ಲ, ಚೆನ್ನಾಗಿಯೇ ಅತ್ತರು. ಆಮೇಲೆ ಮೂಗು ಒರೆಸಿಕೊಂಡು ಕೂಗಿದರು.

"ಗುರು, ಹತ್ತು ಗಾಡಿ. ಡ್ರೈವರ್ ಸೀಟಲ್ಲಿ ಕೂತ್ಕೊ."

"ನಾನಾ?"

"ನೀನೇ. ಭಾವನ ಕೆಲಸ ಅರ್ಧ ಅಂದೆಯಲ್ಲ, ಉಳಿದರ್ಧ ನೀನು ಮಾಡು."

ಅಂಗಳದಲ್ಲಿ ಯಾರೋ ಕಿಸಕ್ಕನೆ ನಕ್ಕು, ಸಾವಿನ ಮನೆಯೆಂದು ನೆನಪಾಗಿ ಕೆಮ್ಮಿದರು. ಗುರುಪ್ರಕಾಶ್ ಬಿಳಿ ಪಂಚೆ ಎತ್ತಿಕೊಂಡು ಹತ್ತಿ ಕೂತ.

*

ಬೇರೆ ಗಂಡ ಹೆಂಡಿರು ಭಾನುವಾರ ಸಂಜೆ ಪಾರ್ಕಿಗೆ ಹೋಗುತ್ತಿದ್ದರು. ಇವರು ಬ್ರೇಕಿನ ಗಾಳಿ ತೆಗೆಯುತ್ತಿದ್ದರು. ಪ್ರಮೀಳಮ್ಮ ಮೇಲೆ, ಮೇಷ್ಟ್ರು ಕೆಳಗೆ. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ, ಬರೀ ದನಿ.

"ಒತ್ತು."

"ಒತ್ತಿದೆ."

"ಹಿಡ್ಕೊ."

"ಹಿಡ್ಕೊಂಡೆ."

ಕೆಳಗೆ ನಿಪ್ಪಲ್ ಸಡಿಲವಾದಾಗ ಪ್ರಮೀಳಮ್ಮನ ಪಾದದಡಿಯಲ್ಲಿ ಪೆಡಲ್ ಮೆಲ್ಲಗೆ ಕುಸಿಯುತ್ತಿತ್ತು. ಬಿಗಿಯಾದ ಮೇಲೆ, "ಬಿಡು." ಮತ್ತೆ ಮೊದಲಿನಿಂದ. ಒಮ್ಮೆ, ಮದುವೆಯಾಗಿ ಬಹಳ ವರ್ಷಗಳ ಮೇಲೆ, ಒಂದು ಜಗಳವಾಗಿ ಎರಡು ದಿನ ಮಾತು ಬಿಟ್ಟಿದ್ದರು. ಭಾನುವಾರ ಬಂತು. ಮೇಷ್ಟ್ರು ಶೆಡ್ಡಿಗೆ ಹೋದರು, ಪ್ರಮೀಳಮ್ಮ ಕರೆಯದೆಯೇ ಹೋಗಿ ಸೀಟಿನಲ್ಲಿ ಕೂತರು. "ಒತ್ತು" ಎಂದಿತು ಕೆಳಗಿನ ದನಿ. "ಒತ್ತಿದೆ" ಎಂದರು. ಹಾಗೆ ಮಾತು ಶುರುವಾಯಿತು. ಏನಕ್ಕೆ ಜಗಳವಾಡಿದ್ದೆಂದು ಈಗ ಅವರಿಗೆ ನೆನಪಿಲ್ಲ.

*

"ಒತ್ತು ಗುರು. ನಾಕೈದು ಸಲ ಒತ್ತಿ ಹಿಡ್ಕೊ."

"ಹಿಡ್ದಿದೀನಿ."

ಪ್ರಮೀಳಮ್ಮ ನಿಪ್ಪಲ್ ತಿರುಗಿಸಿದರು. ಬಾಟಲಿಯೊಳಗೆ ಗುಳುಗುಳು ಗುಳ್ಳೆ ಬಂತು. ಅವರು ಬಿಗಿಯುವ ಮೊದಲೇ ಗುರುಪ್ರಕಾಶ್ ಕಾಲೆತ್ತಿಬಿಟ್ಟ. ಎಣ್ಣೆ ಪೈಪಿನಲ್ಲಿ ವಾಪಸ್ ಸರ್ರನೆ ಒಳಗೆ ಓಡಿತು.

"ಬಿಡು ಅಂದ್ನಾ ನಾನು? ಅಂದ್ನಾ?"

"ಪೆಡಲ್ ಕೆಳಗೆ ಹೋಯ್ತಲ್ಲಕ್ಕ, ಅದಕ್ಕೇ..."

"ಹೋಗ್ಲಿ! ಪಾತಾಳಕ್ಕೆ ಹೋಗ್ಲಿ! ನಾನು ಹೇಳೋವರೆಗೂ ಕಾಲು ತೆಗೀಬೇಡ ಕಣೋ. ಗಾಳಿ ಮತ್ತೆ ಒಳಗೆ ಹೋಗ್ತದೆ."

ಒಳಗಿನಿಂದ ತೇಜಸ್ವಿನಿ ಬಂದು ಬಾನೆಟ್ ಎತ್ತಿ, ಬ್ರೇಕಿನ ಡಬ್ಬಿಯಲ್ಲಿ ಎಣ್ಣೆ ಕಡಿಮೆಯಾದಂತೆಲ್ಲ ತುಂಬತೊಡಗಿದಳು. ಅಪ್ಪ ಹೇಳಿಕೊಟ್ಟದ್ದು ಅವಳಿಗೂ ಗೊತ್ತಿತ್ತು. "ಅಮ್ಮ, ಅಪ್ಪನಿಗೆ ಸ್ನಾನ ಮಾಡಿಸ್ತಾ ಇದಾರೆ," ಎಂದಳು ಮೆಲ್ಲಗೆ.

"ಮಾಡಿಸ್ಲಿ. ಒತ್ತು ಗುರು."

ಗೇಟಿನ ಪಕ್ಕ ವ್ಯಾನು ಬಂದು ನಿಂತಿತು. ಡ್ರೈವರ್ ಇಳಿದು ನೋಡಿದ. ಅಂಗಳದಲ್ಲಿ ಬಿದಿರು ಕಟ್ಟುತ್ತಿದ್ದರು. ಆದರೆ ಕಟ್ಟುವವರ ಕಣ್ಣೂ ಶೆಡ್ಡಿನ ಮೇಲೆಯೇ ಇತ್ತು. ಹಗ್ಗದ ಗಂಟು ಸರಿಯಿಲ್ಲವೆಂದು ಒಬ್ಬ ಅದನ್ನು ಬಿಚ್ಚಿ ಮತ್ತೆ ಕಟ್ಟಿದ. ಪುಟ್ಟರಂಗಯ್ಯ ಅದನ್ನು ಕಂಡರೂ ಕಾಣದವರಂತೆ ಆಚೆ ತಿರುಗಿದರು.

"ಒತ್ತು."

"ಒತ್ತಿದೆ."

"ಹಿಡ್ಕೊ."

"ಹಿಡ್ಕೊಂಡೆ ಅಕ್ಕ." ಗುರುಪ್ರಕಾಶನ ಹಣೆಯಲ್ಲಿ ಬೆವರಿತ್ತು. ಗುಳ್ಳೆ ಕಡಿಮೆಯಾಯಿತು. ಆಮೇಲೆ ಒಂದೊಂದೇ. ಆಮೇಲೆ ಎಣ್ಣೆ ಮಾತ್ರ, ತಿಳಿಯಾಗಿ. ಪ್ರಮೀಳಮ್ಮ ನಿಪ್ಪಲ್ ಬಿಗಿದರು.

"ಬಿಡು. ಈಗ ಒತ್ತು."

ಗುರುಪ್ರಕಾಶ್ ಒತ್ತಿದ.

"ಅಕ್ಕ, ಇದು ಕಲ್ಲಾಗ್ಬಿಟ್ಟಿದೆ! ಕೆಳಗೆ ಹೋಗ್ತಾನೇ ಇಲ್ಲ!" ಎಂದು ಅವನು ಕೂಗಿದ. ಸಾವಿನ ಮನೆಯೆಂಬುದು ಈ ಸಲ ಅವನಿಗೇ ಮರೆತುಹೋಗಿತ್ತು.

ಚಕ್ರ ಹಾಕಿ, ಜಾಕ್ ಇಳಿಸಿ, ತೇಜಸ್ವಿನಿ ಗಾಡಿಯನ್ನು ಗೇಟಿನಾಚೆ ತೆಗೆದಳು. ಬೀದಿಯ ತುದಿಗೆ ಹೋಗಿ ತಿರುಗಿಸಿ, ವೇಗವಾಗಿ ಬಂದು, ಮನೆಯ ಮುಂದೆ ಒಂದೇ ಸಲಕ್ಕೆ ತುಳಿದಳು. ಟಯರು ಕಿರ್ರೆಂದು ಗಾಡಿ ನಿಂತಿತು. ಕಾಂಪೌಂಡಿನ ಮೇಲೆ ಕೂತಿದ್ದ ಎದುರು ಮನೆಯವರು ಚಪ್ಪಾಳೆ ಹೊಡೆದೇಬಿಟ್ಟರು. ವ್ಯಾನಿನವನು ತನ್ನ ಗಾಡಿಯನ್ನು ಹಿಂದಕ್ಕೆ ತೆಗೆದು ದಾರಿ ಬಿಟ್ಟ.

ಹಿಂದಿನ ಸೀಟು ಮಡಚಿ ಮೇಷ್ಟ್ರನ್ನು ಮಲಗಿಸಿದರು. ಪ್ರಮೀಳಮ್ಮ ಬಾಗಿ ಹೊದಿಕೆ ಸರಿಮಾಡಿದಾಗ ಬಿಳಿ ಬಟ್ಟೆಯ ಮೇಲೆ ಅವರ ಬೆರಳುಗಳ ಕಪ್ಪು ಮೂಡಿತು. "ಅಯ್ಯೋ, ಬೇರೆ ಬಟ್ಟೆ ತರ್ತೀನಿ," ಎಂದಳು ಒಬ್ಬಳು ಹೆಂಗಸು.

"ಇರ್ಲಿ ಬುಡು," ಎಂದರು ಪುಟ್ಟರಂಗಯ್ಯ. "ಅವ್ನ ಮೈಮ್ಯಾಲೆ ಗ್ರೀಸ್ ಇಲ್ದೆ ಇದ್ದಿದ್ದು ಯಾವತ್ತು?"

*

ಗಾಡಿ ಗುಬ್ಬಿ ದಾಟಿತು. ಆಮೇಲೆ ಹಿಂದೆ ಮೇಷ್ಟ್ರ ಪಕ್ಕ ಕೂತವರು ಒಬ್ಬರಾದ ಮೇಲೊಬ್ಬರು ಗಾಡಿಯ ಕತೆ ಶುರುಮಾಡಿದರು. ನನ್ನ ಹೆರಿಗೆಗೆ ಆಸ್ಪತ್ರೆಗೆ ಹೋಗಿದ್ದು ಇದರಲ್ಲೇ ಎಂದಳು ಪಕ್ಕದ ಮನೆಯ ಶಶಿಕಲಾ. ಕೆರೆ ತುಂಬಿ ದಾರಿ ಕಿತ್ತುಹೋದ ವರ್ಷ ಊರಿಗೆ ರೇಷನ್ ಅಕ್ಕಿ ಬಂದದ್ದು ಇದರಲ್ಲೇ ಎಂದರು ಪುಟ್ಟರಂಗಯ್ಯ. ಕೊನೆಗೆ ಗುರುಪ್ರಕಾಶ್, "ನನ್ನ ಮದುವೆ ಸೀರೆ ಟೈಮಿಗೆ ಬಂದಿತ್ತು," ಎಂದ. ಪ್ರಮೀಳಮ್ಮ ಮುಂದಿನ ಸೀಟಿನಿಂದ ತಿರುಗಿ ಅವನನ್ನು ನೋಡಿದರು. ಮುಖದಲ್ಲಿ ಗೆಲುವಿತ್ತು, ಕಣ್ಣಲ್ಲಿ ನೀರಿತ್ತು.

ಸಿ.ಎಸ್. ಪುರ ಕಳೆದು ಕೆರೆಯ ಏರಿ ಹತ್ತಿತು ಗಾಡಿ. ಏರಿಯಿಂದ ತೋಟಕ್ಕೆ ಇಳಿಯುವ ದಾರಿ ಕಡಿದಾದದ್ದು, ಕೆಳಗೆಲ್ಲ ಮಳೆಯ ಕೆಸರು. ತಮಟೆಯವರೂ ಊರಿನವರೂ ಇಳಿಜಾರಿನ ನಡುವೆಯೇ ನೆರೆದಿದ್ದರು. ಅಲ್ಲಿಂದ ಮುಂದೆ ಹೆಗಲ ಮೇಲೆ ಎಂದು ಕೈ ತೋರಿಸಿದರು. ತೇಜಸ್ವಿನಿ ಬ್ರೇಕ್ ತುಳಿದು ಹಾಗೇ ಹಿಡಿದಳು. ಮೂಗು ಕೆಳಗೆ ಮಾಡಿ ಗಾಡಿ ನಿಂತುಕೊಂಡಿತು.

ಗುರುಪ್ರಕಾಶ್ ಜಿಗಿದಿಳಿದು, ಬೇಲಿಯ ಪಕ್ಕದಿಂದ ದೊಡ್ಡ ಕಲ್ಲೊಂದನ್ನು ಎತ್ತಿಕೊಂಡು ಮುಂದಿನ ಚಕ್ರಕ್ಕೆ ಅಡ್ಡ ಇಡಲು ಓಡಿದ. ಅಷ್ಟರಲ್ಲಿ, ಕೂತು ಕೂತು ಸೊಂಟ ಹಿಡಿದಿದ್ದ ಪುಟ್ಟರಂಗಯ್ಯ ಕೋಲೂರಿಕೊಂಡು ಗಾಡಿಯ ಮುಂಬದಿಗೆ, ಇಳಿಜಾರಿನ ಕಡೆಗೇ ಬಂದರು. ಬಂಪರನ್ನು ಟವೆಲಿನಿಂದ ಒರೆಸಿ, ಅದರ ಮೇಲೆ ಕೂತು, ಬೆನ್ನನ್ನು ಪೂರ್ತಿ ಬಾನೆಟ್ಟಿಗೆ ಒರಗಿಸಿ, "ಬರ್ರಪ್ಪ, ನಿಧಾನಕ್ಕೆ ಇಳ್ಸಿ," ಎಂದು ಹೆಗಲು ಕೊಡುವವರನ್ನು ಕರೆದರು. ಗಾಡಿ ಕೂದಲೆಳೆಯಷ್ಟೂ ಕದಲಲಿಲ್ಲ. ಗುರುಪ್ರಕಾಶ್ ಒಂದು ಕ್ಷಣ ಹಾಗೇ ನೋಡುತ್ತ ನಿಂತ. ಆಮೇಲೆ ಕಲ್ಲನ್ನು ಬೇಲಿಯಾಚೆ ಎಸೆದು, ಬಂದು ಅವರ ಪಕ್ಕದಲ್ಲಿ ಕೂತ.