ನಿದ್ದೆಯಲ್ಲಿ ದಾಟಿದ ಸೇತುವೆ

ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಅವಳು ದೇಶ ಬಿಟ್ಟಳು. ಆಗ ಅವಳು ನಿದ್ದೆ ಮಾಡುತ್ತಿದ್ದಳು.

ಆ ಹೊತ್ತಿಗೆ ರೈಲು ನದಿಯ ಮೇಲಿನ ಕಬ್ಬಿಣದ ಸೇತುವೆಯ ಮೇಲಿತ್ತು. ಈಚೆ ದಡದ್ದು ಅವಳು ನಾಲ್ಕು ವರ್ಷದಿಂದ ದುಡಿಯುತ್ತಿದ್ದ ದೇಶ, ಆಚೆ ದಡದ್ದು ಇನ್ನೊಂದು. ನಡುವೆ ಬೇಲಿಯಿಲ್ಲ, ಗೇಟಿಲ್ಲ. ಆಚೆ ಹೋಗುವವರನ್ನು ಯಾರೂ ತಡೆಯುವುದಿಲ್ಲ. ಈಚೆ ಬರುವವರನ್ನು ಮಾತ್ರ ರೈಲಿನಲ್ಲೇ ಕಾಗದ ಕೇಳುತ್ತಾರೆ. ನದಿಯ ತುಂಬ ಮಂಜು ಕೂತಿತ್ತು. ಸೇತುವೆ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂಬುದು ಎಚ್ಚರವಿದ್ದವರಿಗೂ ತಿಳಿಯುವಂತಿರಲಿಲ್ಲ.

ಕನಸಿನಲ್ಲಿ ಅವಳೂ ಮಗಳೂ ಒಂದು ಚಾದರ ಮಡಚುತ್ತಿದ್ದರು. ಒಂದು ತುದಿ ಇವಳ ಕೈಯಲ್ಲಿ, ಇನ್ನೊಂದು ತುದಿ ಅವಳ ಕೈಯಲ್ಲಿ. ಇಬ್ಬರೂ ಹತ್ತಿರ ಬಂದು, ಬೆರಳಿಗೆ ಬೆರಳು ತಾಗಿಸಿ, ಮತ್ತೆ ಹಿಂದೆ ಸರಿಯಬೇಕು. ಆದರೆ ಚಾದರ ಮಡಚಿದಷ್ಟೂ ಉದ್ದವಾಗುತ್ತಿತ್ತು. ಮಗಳು ನಗುತ್ತ ನಗುತ್ತ ದೂರ ಹೋದಳು, ಚಾದರದ ಅಂಚು ನೀರಿಗೆ ತಾಗಿತು, ನೀರೂ ಬೆಳ್ಳಗಾಯಿತು.

ಚಾದರ ಮಡಚುವುದೇ ಅವಳ ಕೆಲಸ. ಊರಾಚೆಯ ದೊಡ್ಡ ಲಾಂಡ್ರಿಯೊಂದಕ್ಕೆ ಏಳು ಆಸ್ಪತ್ರೆಗಳ ಬಟ್ಟೆ ಬರುತ್ತಿತ್ತು. ಒಗೆಯುವುದಕ್ಕೂ ಇಸ್ತ್ರಿಗೂ ಯಂತ್ರವಿತ್ತು. ದೊಡ್ಡ ಚಾದರ ಮಡಚುವುದಕ್ಕೆ ಮಾತ್ರ ಇಬ್ಬರು ಮನುಷ್ಯರೇ ಬೇಕಿತ್ತು. ರಾತ್ರಿ ಪಾಳಿ ಹತ್ತು ಗಂಟೆಯದು. ಅವಳ ಕಡೆಯ ಹೆಂಗಸರು ಆರು ಮಂದಿ, ಪಾಳಿ ಮುಗಿಸಿ ಐದು ನಲವತ್ತೆಂಟರ ರೈಲು ಹತ್ತಿದರೆಂದರೆ ಸೀಟಿಗೆ ಬೆನ್ನು ತಾಗುವ ಮೊದಲೇ ಕಣ್ಣು ಎಳೆಯುತ್ತಿತ್ತು. ಅದಕ್ಕೆ ತಾವೇ ಒಂದು ಕಟ್ಟಳೆ ಮಾಡಿಕೊಂಡಿದ್ದರು. ಇಳಿಯುವವಳು ಮುಂದಿನ ಸ್ಟೇಷನ್ನಿನವಳನ್ನು ಎಬ್ಬಿಸಬೇಕು. ಬರೀ ಅಲುಗಿಸಿದರೆ ಸಾಲದು, ಕಣ್ಣು ಬಿಟ್ಟದ್ದನ್ನು ನೋಡಿಯೇ ಇಳಿಯಬೇಕು. ನಾಲ್ಕು ವರ್ಷದಲ್ಲಿ ಒಬ್ಬಳೂ ಸ್ಟೇಷನ್ ತಪ್ಪಿಸಿಕೊಂಡಿರಲಿಲ್ಲ.

ಕೊನೆಯವಳು ಇವಳು. ಇವಳಿಗಿಂತ ಒಂದು ಸ್ಟೇಷನ್ ಮೊದಲು ಇಳಿಯುವವಳು ಗಡಿಯಾರದಕ್ಕ. ಅಲಾರಂ ಇಲ್ಲದೆ ಹೇಳಿದ ಹೊತ್ತಿಗೆ ಏಳುವವಳಾದ್ದರಿಂದ ಆ ಹೆಸರು. ಇವಳನ್ನು ಕುಂಭಕರ್ಣನ ತಂಗಿ ಎಂದು ಕರೆಯುತ್ತಿದ್ದರು. ಕುಂಭಕರ್ಣನ ತಂಗಿ ಎಂದರೆ ಶೂರ್ಪನಖಿಯಲ್ಲವೇ, ಮೂಗು ಜೋಪಾನ ಎಂದು ಒಬ್ಬಳು ಅಂದಂದಿನಿಂದ, ಇವಳಿಗೆ ನೆಗಡಿಯಾದಾಗಲೆಲ್ಲ ಬೋಗಿಯಲ್ಲಿ ನಗು ಏಳುತ್ತಿತ್ತು.

ಇವಳಿಗೆ ಇನ್ನೊಂದು ವಿದ್ಯೆಯಿತ್ತು. ನಿದ್ದೆಯಲ್ಲೇ ಉತ್ತರ ಕೊಡುತ್ತಿದ್ದಳು. ಚಿಕ್ಕಂದಿನಲ್ಲಿ ಅವ್ವ ಬಂದವರಿಗೆಲ್ಲ ಹೇಳುತ್ತಿದ್ದಳಂತೆ: ಇವಳ ಬಾಯಿ ಮೊದಲು ಏಳುತ್ತದೆ, ಕಣ್ಣು ನಿಧಾನಕ್ಕೆ, ಬುದ್ಧಿ ಮಧ್ಯಾಹ್ನಕ್ಕೆ. ಆ ದಿನವೂ ಆರು ಇಪ್ಪತ್ತೊಂದಕ್ಕೆ ಗಡಿಯಾರದಕ್ಕ ಭುಜ ತಟ್ಟಿದಳು. ಇವಳು ಸ್ಪಷ್ಟವಾಗಿ, "ಹೂಂ ಅಕ್ಕ, ಎದ್ದೆ" ಎಂದಳು. ಅಕ್ಕ ಇಳಿದುಹೋದಳು. ಇವಳ ಸ್ಟೇಷನ್ ಎಂಟು ನಿಮಿಷಕ್ಕೆ ಬಂತು, ಬಾಗಿಲು ತೆರೆಯಿತು, ಮುಚ್ಚಿತು.

ಎಚ್ಚರವಾದಾಗ ರೈಲು ನಿಂತಿತ್ತು, ಬೋಗಿ ಖಾಲಿಯಾಗಿತ್ತು. ಇಳಿದು ನಿರೀಕ್ಷಣಾ ಕೋಣೆಯ ಬೆಂಚಿನ ಮೇಲೆ ಕೂತಳು. ಒಬ್ಬ ಹೆಂಗಸು ನೆಲ ಒರೆಸುತ್ತ ಬಂದು ಕಾಲೆತ್ತು ಎಂದು ಸನ್ನೆ ಮಾಡಿದಳು, ಇವಳು ಕಾಲೆತ್ತಿದಳು. ಒರೆಸುವವಳು ಮುಂದೆ ಹೋದ ಮೇಲೂ ಎರಡೂ ಕಾಲನ್ನು ಗಾಳಿಯಲ್ಲಿಟ್ಟುಕೊಂಡೇ ಇದ್ದಳು. ನೆಲದ ಒದ್ದೆಯಲ್ಲಿ ಕಿಟಕಿಯ ಬೆಳಕು ತೇಲುತ್ತಿತ್ತು. ಹೊರಗೆ ಪ್ಲಾಟ್‌ಫಾರ್ಮಿನ ಅಂಚಿನಿಂದಾಚೆಗೆ ಏನೂ ಇರಲಿಲ್ಲ, ಬರೀ ಮಂಜು. ಭಯವಾಗಲಿಲ್ಲ. ಮಗಳು ಇನ್ನೊಂದು ತುದಿ ಹಿಡಿದುಕೊಂಡು ಆ ಬಿಳಿಯೊಳಗಿಂದ ಈಗ ಬರಬಹುದು ಎನ್ನಿಸಿತು.

ಆಮೇಲೆ ಸ್ಟೇಷನ್ನಿನ ಫಲಕ ಕಣ್ಣಿಗೆ ಬಿತ್ತು. ಅವಳು ದುಡಿಯುವ ದೇಶದ ಫಲಕಗಳೆಲ್ಲ ನೀಲಿ; ಇದು ಹಳದಿ. ಕಾಲು ತಾನಾಗಿ ಕೆಳಗಿಳಿಯಿತು. ಕೈ ಪರ್ಸಿಗೆ ಹೋಯಿತು.

ಪರ್ಸಿನಲ್ಲಿದ್ದದ್ದು ಒಂದು ಸ್ವೀಕೃತಿ ಚೀಟಿ. ಅವಳ ಕೆಲಸದ ಪರವಾನಗಿ ಮುಗಿದು ನವೀಕರಣಕ್ಕೆ ಅರ್ಜಿ ಹಾಕಿ ಐದು ತಿಂಗಳಾಗಿತ್ತು. ಹೊಸದು ಬರುವವರೆಗೆ ಆ ಚೀಟಿಯೇ ಪರವಾನಗಿ. ಅದರ ಏಳನೆಯ ಕಲಮು ಅವಳಿಗೆ ಬಾಯಿಪಾಠವಿತ್ತು. ಅರ್ಜಿ ಪರಿಶೀಲನೆಯಲ್ಲಿರುವಾಗ ಅರ್ಜಿದಾರರು ದೇಶ ಬಿಟ್ಟರೆ ಅರ್ಜಿಯನ್ನು ಹಿಂಪಡೆದಂತೆ ಭಾವಿಸಲಾಗುವುದು. ಈ ಸಲ ಮೂರು ವರ್ಷದ್ದು ಸಿಗುತ್ತದೆ ಎಂದು ಲಾಂಡ್ರಿಯ ಆಫೀಸಿನವರು ಹೇಳಿದ್ದರು. ಮೂರು ವರ್ಷದ್ದು ಕೈಗೆ ಬಂದವರು ಮಕ್ಕಳನ್ನು ಕರೆಸಿಕೊಳ್ಳಬಹುದು. ಅವಳ ಮಗಳಿಗೆ ಹನ್ನೆರಡು. ಗಂಡ ತೀರಿಹೋದ ಮೇಲೆ ಮಗು ದೊಡ್ಡಮ್ಮನ ಮನೆಯಲ್ಲಿ ಬೆಳೆಯುತ್ತಿತ್ತು. ಇತ್ತೀಚೆಗೆ ಫೋನಿನಲ್ಲಿ ಮೊದಲು ದೊಡ್ಡಮ್ಮನ ಸುದ್ದಿ ಹೇಳಿ, ಆಮೇಲೆ ನೀನು ಹೇಗಿದ್ದೀಯ ಎಂದು ಕೇಳುತ್ತಿತ್ತು.

ಅವಳು ಅರ್ಜಿ ಮಾವನಿಗೆ ಫೋನ್ ಮಾಡಿದಳು. ಮಾವ ಯಾರಿಗೂ ಮಾವನಲ್ಲ. ಟೈರ್ ಅಂಗಡಿಯ ಉಗ್ರಾಣದಲ್ಲಿ ಕೆಲಸ. ತಮ್ಮ ಕಡೆಯವರ ಅರ್ಜಿಗಳನ್ನೆಲ್ಲ ತುಂಬಿ ತುಂಬಿ ಅರ್ಧ ವಕೀಲನಾಗಿದ್ದ. ಆರು ತಿಂಗಳ ಅನುಭವದವರು ಅವನನ್ನು ನಂಬುತ್ತಿದ್ದರು, ಆರು ವರ್ಷದವರು ಅರ್ಧ ನಂಬುತ್ತಿದ್ದರು. ಅವನು ಪೂರ್ತಿ ಕೇಳಿಸಿಕೊಂಡ.

"ರೈಲು ಹತ್ತಬೇಡ, ಕಾಗದ ಕೇಳ್ತಾರೆ," ಎಂದ. "ಸ್ಟೇಷನ್ ಹಿಂದೆ ಹಳೇ ಸೇತುವೆ ಇದೆ, ನಡೆದು ಹೋಗೋರದ್ದು. ಅಲ್ಲಿ ನಾಯಿ ಕೂಡ ಇರಲ್ಲ. ಬಾಯಿಗೆ ಬೀಗ ಹಾಕ್ಕೊಂಡು ದಾಟಿ ಬಾ. ಯಾರ ಕಣ್ಣಿಗೂ ಬೀಳದ್ದು ನಡೆದೇ ಇಲ್ಲ ಅಂತ ಲೆಕ್ಕ."

ಮಾವನ ಮಾತು ನಿಜವಾಗಿತ್ತು. ಹಳೆಯ ಸೇತುವೆಯ ಬಾಯಿಯಲ್ಲಿ ನಾಯಿಯೂ ಇರಲಿಲ್ಲ. ಹಲಗೆಗಳು ಹತ್ತು ಹೆಜ್ಜೆ ಕಾಣುತ್ತಿದ್ದವು. ಆಮೇಲೆ ಮಂಜಿನಲ್ಲಿ ಕರಗಿಹೋಗಿದ್ದವು. ಆಚೆಗೆ ಬರೀ ನೂರೈವತ್ತು ಮೀಟರ್. ಅವಳು ಕಂಬಿಯ ಮೇಲೆ ಕೈಯಿಟ್ಟು ಹನ್ನೆರಡು ನಿಮಿಷ ನಿಂತಳು.

ಅವಳನ್ನು ತಡೆದದ್ದು ಭಯವಲ್ಲ, ಧರ್ಮವೂ ಅಲ್ಲ. ಪರವಾನಗಿ ಕೊಡುವ ದಿನ ಒಂದು ಹಾಳೆಗೆ ಸಹಿ ಹಾಕಿಸುತ್ತಾರೆ: ಅರ್ಜಿ ಹಾಕಿದ ಮೇಲೆ ದೇಶ ಬಿಟ್ಟಿದ್ದೀರಾ, ಹೌದು ಅಥವಾ ಇಲ್ಲ. ಅದರ ಕೆಳಗೇ ಮಗುವಿನ ಹೆಸರು ಬರೆಯುವ ಜಾಗ. ಅವಳಿಗೆ ತನ್ನ ಸ್ವಭಾವ ಗೊತ್ತಿತ್ತು. ಸುಳ್ಳು ಹೇಳಿದ ದಿನ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಒಮ್ಮೆ ಹೊಟ್ಟೆನೋವೆಂದು ರಜೆ ಹಾಕಿ ಮೂರು ದಿನ ಸೂರು ನೋಡಿಕೊಂಡು ಮಲಗಿದ್ದಳು. ಈ ದೇಶದಲ್ಲಿ ಬಾಡಿಗೆಯ ಕೋಣೆ ಅವಳದಲ್ಲ, ಮಂಚ ಅವಳದಲ್ಲ, ಮಡಚುವ ಚಾದರ ಮೊದಲೇ ಅವಳದಲ್ಲ. ನಿದ್ದೆಯೊಂದೇ ಸ್ವಂತದ್ದು. ಅದನ್ನೂ ಈ ಸೇತುವೆಯ ಮೇಲೆ ಬಿಟ್ಟು ಬಂದರೆ ಮಗಳು ಬಂದ ಮೇಲೆ ಅವಳ ಪಕ್ಕದಲ್ಲಿ ಮಲಗುವುದು ಹೇಗೆ?

ಎಂಟು ಐದರ ರೈಲು ಹತ್ತಿದಳು. ನಡುನದಿಯಲ್ಲಿ ಅಧಿಕಾರಿ ಬಂದ. ಅವಳು ಚೀಟಿ ಕೊಟ್ಟು ತನಗೆ ಬರುವಷ್ಟು ಅವರ ಭಾಷೆಯಲ್ಲಿ ನಡೆದದ್ದನ್ನು ಹೇಳಿದಳು. ಅವನು ಒಂದು ನಮೂನೆ ತೆಗೆದು, ಪ್ರಯಾಣದ ಉದ್ದೇಶವೇನು ಎಂದು ಕೇಳಿದ. ನಿದ್ದೆ ಎಂದಳು. ಅವನು ಪೆನ್ನು ಎತ್ತಿ ಹಿಡಿದು ಅವಳ ಮುಖ ನೋಡಿದ; ಕಿಟಕಿಯಾಚೆ ನೋಡಿದ. ಕೊನೆಗೆ ಆ ಜಾಗದಲ್ಲಿ ಒಂದು ಗೆರೆ ಎಳೆದು ಬಿಟ್ಟ.

ಹತ್ತೊಂಬತ್ತನೆಯ ದಿನಕ್ಕೆ ವಿಚಾರಣೆ ಎಂದು ಕರೆ ಬಂತು. ಸಾಕ್ಷಿಯಿದ್ದರೆ ಕರೆತರಬಹುದು ಎಂದಿತ್ತು.

ಸಾಕ್ಷಿಯೆಂದರೆ ಗಡಿಯಾರದಕ್ಕ. ಸುದ್ದಿ ತಿಳಿದ ದಿನದಿಂದ ಅವಳು ರೈಲಿನಲ್ಲಿ ಕಣ್ಣು ಮುಚ್ಚುತ್ತಿರಲಿಲ್ಲ, ಇವಳ ಕಡೆ ತಿರುಗಿ ನೋಡುತ್ತಲೂ ಇರಲಿಲ್ಲ. ಮಾವ ಇಬ್ಬರನ್ನೂ ಟೈರ್ ಅಂಗಡಿಗೆ ಕರೆಸಿ, ಟೈರುಗಳ ಮೇಲೆ ಕೂರಿಸಿ ಪಾಠ ಹೇಳಿದ. ಎಬ್ಬಿಸಿದೆ, ಅವಳು ಉತ್ತರ ಕೊಟ್ಟಳು ಎಂದು ಅಕ್ಕ ಹೇಳಿದರೆ ಕೇಸು ಅಲ್ಲಿಗೇ ಮುಗಿಯಿತು. ಎಚ್ಚರವಿದ್ದೂ ಇಳಿಯಲಿಲ್ಲ ಎಂದು ಬರೆದುಕೊಳ್ಳುತ್ತಾರೆ. ಎಬ್ಬಿಸುವುದನ್ನೇ ಮರೆತೆ ಎಂದುಬಿಡಬೇಕು. ಒಂದು ಸಣ್ಣ ಮರೆವು, ಯಾರಿಗೂ ನಷ್ಟವಿಲ್ಲ. ಅಕ್ಕ ಹಾಗೇ ಹೇಳುತ್ತೇನೆ ಎಂದಳು. ಇವಳು ಬೇಡವೆನ್ನಲೂ ಇಲ್ಲ, ಹೂಂ ಎನ್ನಲೂ ಇಲ್ಲ. ತಾನು ಹೇಳುವ ಸುಳ್ಳಿಗಷ್ಟೇ ನಿದ್ದೆ ಕೆಡುತ್ತದೆಯೇ, ತನಗಾಗಿ ಬೇರೆಯವರು ಹೇಳಿದ್ದಕ್ಕೂ ಕೆಡುತ್ತದೆಯೇ ಎಂಬುದನ್ನು ಅವಳು ಈವರೆಗೆ ಪರೀಕ್ಷಿಸಿರಲಿಲ್ಲ.

ವಿಚಾರಣೆಯ ಕೋಣೆ ಮೂರನೆಯ ಮಹಡಿಯಲ್ಲಿತ್ತು. ಒಂದು ಮೇಜು, ನಾಲ್ಕು ಕುರ್ಚಿ, ಅರ್ಧ ಇಳಿಬಿಟ್ಟ ಪರದೆ. ಬಿಸಿಗಾಳಿಯ ಯಂತ್ರ ಒಂದೇ ಸ್ವರದಲ್ಲಿ ಗುನುಗುತ್ತಿತ್ತು. ಅಧಿಕಾರಿ ನಡುವಯಸ್ಸಿನ ಹೆಂಗಸು, ಓದುವಾಗ ತುಟಿ ಅಲುಗಿಸುತ್ತಿದ್ದಳು. ದುಭಾಷಿ ಮುದುಕ, ಊರು ಬಿಟ್ಟು ಎಷ್ಟೋ ವರ್ಷವಾದವನು. ಕನ್ನಡದ ಒಂದೊಂದು ಶಬ್ದವನ್ನೂ ಹಳೆಯ ಪೆಟ್ಟಿಗೆಯಿಂದ ಎತ್ತಿ ಧೂಳು ಕೊಡವಿದಂತೆ ಮಾತಾಡುತ್ತಿದ್ದ. ಅವನ ದನಿ ಕೇಳುತ್ತ ಕೇಳುತ್ತ ಇವಳಿಗೆ ರೆಪ್ಪೆ ಭಾರವಾಯಿತು. ಇಲ್ಲಿ ತೂಕಡಿಸಿದರೆ ಕೇಸಿಗೆ ಒಳ್ಳೆಯದೋ ಕೆಟ್ಟದ್ದೋ ಎಂದು ಯೋಚಿಸಿ, ತೊಡೆ ಚಿವುಟಿಕೊಂಡಳು.

ಅಕ್ಕ ನಿಂತು ಪ್ರಮಾಣ ಮಾಡಿದಳು. ಆ ದಿನ ಇವರನ್ನು ಎಬ್ಬಿಸಿದಿರಾ ಎಂದು ಅಧಿಕಾರಿ ಕೇಳಿದಳು, ಮುದುಕ ಕನ್ನಡದಲ್ಲಿ ಕೇಳಿದ. ಅಕ್ಕ ಬಾಯಿ ತೆರೆದಳು. ನಾಲ್ಕು ವರ್ಷ ಒಂದು ದಿನವೂ ತಪ್ಪದವಳು ತಾನು ಮರೆತೆ ಎನ್ನಬೇಕಿತ್ತು. ಯಂತ್ರ ಗುನುಗುತ್ತಲೇ ಇತ್ತು.

"ಎಬ್ಬಿಸಿದೆ," ಎಂದಳು ಅಕ್ಕ.



ಅವರು ಏನಾದರೂ ಹೇಳಿದರೇ ಎಂಬ ಪ್ರಶ್ನೆ ಬಂತು. ಎದ್ದೆ ಅಂದಳು ಎಂದಳು ಅಕ್ಕ. ದಿನಾಲೂ ಹಾಗೇ ಅನ್ನುತ್ತಾಳೆ, ನಾಲ್ಕು ವರ್ಷದಿಂದ, ಕಣ್ಣು ಮುಚ್ಚಿಕೊಂಡೇ. ಎರಡನೆಯ ಸಲ ಜೋರಾಗಿ ಅಲುಗಿಸಿದರೆ ಮಾತ್ರ ಏಳುತ್ತಾಳೆ, ಬೋಗಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ಆ ದಿನ ಎರಡನೆಯ ಸಲ ಅಲುಗಿಸಿದಿರಾ? ಇಲ್ಲ. ಯಾಕೆ?

ಅಕ್ಕ ಅಧಿಕಾರಿಯನ್ನು ಬಿಟ್ಟು ಇವಳ ಕಡೆಗೆ ತಿರುಗಿದಳು.

"ನಗ್ತಾ ಇದ್ದೆ ಕಣೇ ನೀನು. ಕೈ ಎರಡೂ ಹೀಗೆ ಮುಂದೆ ಹೋಗೋದು, ಹಿಂದೆ ಬರೋದು. ಚಾದರ ಮಡಚೋ ಹಾಗೆ, ಆದರೆ ಕೆಲಸದಲ್ಲಿ ನೀನು ಯಾವತ್ತೂ ಹಾಗೆ ನಕ್ಕಿಲ್ಲ. ಇನ್ನೂ ಎಂಟು ನಿಮಿಷ ಇದೆ, ಅದೇನು ಕಾಣ್ತಿದ್ದಾಳೋ ಕಾಣಲಿ ಅಂದ್ಕೊಂಡೆ. ಎಂಟು ನಿಮಿಷ ಆದ್ಮೇಲೆ ನಿನ್ನ ಎಬ್ಬಿಸೋರು ಯಾರೂ ಇಲ್ಲ ಅನ್ನೋದು ನನ್ನ ತಲೆಗೇ ಹೋಗಲಿಲ್ಲ."

ಮುದುಕ ಅನುವಾದಿಸಲು ಬಹಳ ಹೊತ್ತು ತೆಗೆದುಕೊಂಡ. ಎರಡು ಸಲ ನಿಲ್ಲಿಸಿದ. ತನ್ನ ಕೈಯನ್ನೂ ಮುಂದೆ ಹಿಂದೆ ಮಾಡಿ ತೋರಿಸಿದ.

ಅಧಿಕಾರಿ ಇವಳನ್ನು ಕೇಳಿದಳು, ಏನು ಕನಸು ಎಂದು. ಇವಳು ಹೇಳಿದಳು. ಮಗಳು, ಚಾದರ, ನೀರು. ಹೇಳುವಾಗ ಅದು ತುಂಬ ಸಣ್ಣದಾಗಿ ಕೇಳಿಸಿತು, ಎರಡು ವಾಕ್ಯಕ್ಕೆ ಮುಗಿದುಹೋಯಿತು. ಅಧಿಕಾರಿ ಅದನ್ನು ಬರೆದುಕೊಳ್ಳಲಿಲ್ಲ. ಪಾಸು ಕೇಳಿದಳು, ಇವಳ ಸ್ಟೇಷನ್ನಿನವರೆಗಿನ ತಿಂಗಳ ಪಾಸು, ಮುಂದಕ್ಕೆ ಟಿಕೆಟಿರಲಿಲ್ಲ. ಪಾಳಿಯ ಹಾಜರಿ ಕೇಳಿದಳು. ಆ ವಾರ ಆರು ಪಾಳಿ. ಆಚೆ ಎಷ್ಟು ಹೊತ್ತು ಇದ್ದಿರಿ ಎಂದಳು. ಒಂದು ಗಂಟೆ ಇಪ್ಪತ್ತೊಂದು ನಿಮಿಷ. ಅಷ್ಟು ಖಚಿತವಾಗಿ ಹೇಗೆ ಗೊತ್ತು ಎಂದಳು. ಸ್ಟೇಷನ್ನಿನ ಗೋಡೆಯ ಗಡಿಯಾರ ನೋಡುತ್ತಲೇ ಇದ್ದೆ ಎಂದಳು ಇವಳು. ನಡೆದು ಹೋಗುವ ಸೇತುವೆಯಿರುವುದು ನಿಮಗೆ ಗೊತ್ತಿತ್ತೇ? ಗೊತ್ತಿತ್ತು. ಅಲ್ಲಿಂದ ಯಾಕೆ ಬರಲಿಲ್ಲ? ಇವಳು ಮುದುಕನ ಕಡೆ ನೋಡಿ, "ಬಂದಿದ್ದರೆ ಮತ್ತೆ ನಿದ್ದೆ ಬರ್ತಿರಲಿಲ್ಲ ಅಂತ ಹೇಳಿ," ಎಂದಳು. ಮುದುಕ ಅದನ್ನು ಒಂದೇ ಉಸಿರಿಗೆ ಅನುವಾದಿಸಿದ.

ಹೊರಗೆ ಬಂದ ಮೇಲೆ ಇಬ್ಬರೂ ಮೆಟ್ಟಿಲಿಳಿದರು. ಮಾವನಿಗೆ ಏನು ಹೇಳುವುದು ಎಂದು ಅಕ್ಕ ಕೇಳಿದಳು. ಅವನು ಬೈಯುತ್ತಾನೆ, ಬೈಯಲಿ ಎಂದಳು ಇವಳು. ಬಸ್ಸಿನಲ್ಲಿ ಅಕ್ಕ ಇವಳ ಹೆಗಲಿಗೆ ತಲೆಯಿಟ್ಟು ನಿದ್ದೆಹೋದಳು; ಹತ್ತೊಂಬತ್ತು ದಿನದ ನಿದ್ದೆ. ಬೀದಿಗಳು, ಅಂಗಡಿಗಳ ಗಾಜುಗಳು, ಛತ್ರಿಗಳು ಕಿಟಕಿಯಲ್ಲಿ ಹಾದುಹೋದವು. ಇಳಿಯುವ ಸ್ಟಾಪು ಬಂದಾಗ ಇವಳು ಅವಳನ್ನು ಎರಡು ಸಲ ಅಲುಗಿಸಿದಳು.

ಇಪ್ಪತ್ತೆರಡು ದಿನದ ಮೇಲೆ ಪತ್ರ ಬಂತು. ಆ ದಿನದ ಪ್ರಯಾಣವನ್ನು ದೇಶ ಬಿಟ್ಟಂತೆ ಪರಿಗಣಿಸಿಲ್ಲ, ಅರ್ಜಿ ಊರ್ಜಿತದಲ್ಲಿದೆ ಎಂದಿತ್ತು. ಪರವಾನಗಿಯನ್ನು ಮಾತ್ರ ಮೂರು ವರ್ಷದ ಬದಲು ಒಂದು ವರ್ಷಕ್ಕೆ ಕೊಟ್ಟಿದ್ದರು, ಕಾರಣ ಬರೆದಿರಲಿಲ್ಲ. ಒಂದು ವರ್ಷದ್ದರ ಮೇಲೆ ಮಗುವನ್ನು ಕರೆಸಿಕೊಳ್ಳಲು ಬರುವುದಿಲ್ಲ. ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿದಾಗ ಮೂರು ವರ್ಷದ್ದು ಸಿಕ್ಕಿತು. ಮಗಳು ಬಂದದ್ದು ಅದರ ಮರುವರ್ಷ, ಒಂದು ಮಂಗಳವಾರ ಮಧ್ಯಾಹ್ನದ ವಿಮಾನದಲ್ಲಿ. ಆಗ ಅವಳಿಗೆ ಹದಿನಾಲ್ಕು ತುಂಬಿ ಎರಡು ತಿಂಗಳಾಗಿತ್ತು.